ಅಕ್ಕನ ಫೋನಿನಲ್ಲಿ ನನ್ನ ದನಿ

ಸಮಾಜಶಾಸ್ತ್ರ ಕಲಿಸುವವನಿಗೆ ಸಿಟ್ಟು ಬರಬಾರದಂತೆ. ಎಲ್ಲವನ್ನೂ ದೂರ ನಿಂತು ನೋಡಬೇಕಂತೆ. ಹಾಗೆ ಹೇಳುವವರು ಒಮ್ಮೆ ನಮ್ಮ ಅಕ್ಕನ ಕುರಿದೊಡ್ಡಿಯಲ್ಲಿ ನಿಂತು ನೋಡಲಿ. ನನಗಂತೂ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಹಿರಿಯೂರಿನ ಕಾಲೇಜೊಂದರಲ್ಲಿ ನಾನು ಮೇಷ್ಟ್ರು. ಹುಟ್ಟಿದ್ದು ಯಲ್ಲದಕೆರೆ ಕಡೆಯ ಕುರಿ ಸಾಕುವ ಮನೆಯಲ್ಲಿ. ಓದಿ ಪೇಟೆ ಸೇರಿದವನು ನಾನೊಬ್ಬನೇ; ಅಕ್ಕ ಈಗಲೂ ಕುರಿ ಮೇಯಿಸುತ್ತಾಳೆ. ನಮ್ಮ ಹಟ್ಟಿಯಲ್ಲಿ ಒಂದು ರೂಢಿಯಿದೆ. ಹೊರಗಿನಿಂದ ಔಷಧಿ ಬರಲಿ, ಹೊಸ ಸುದ್ದಿ ಬರಲಿ, ಮನೆಯಲ್ಲಿ ಓದಿದವನು ಏನಂತಾನೆ ಎಂದು ಕೇಳಿಯೇ ಮುಂದುವರಿಯುತ್ತಾರೆ. ಅಕ್ಕನಿಗೆ ಆ ಓದಿದವನು ನಾನು. ಅಕ್ಕ ಒಪ್ಪಿದ್ದನ್ನು ಅಕ್ಕಪಕ್ಕದ ಮನೆಗಳೂ ಒಪ್ಪುತ್ತವೆ.

ಪ್ರತಿ ವರ್ಷ ತರಗತಿಯಲ್ಲಿ ಒಂದು ಪಾಠ ಮಾಡುತ್ತೇನೆ. ಜ್ಞಾನ ಆಕಾಶದಿಂದ ಉದುರುವುದಿಲ್ಲ, ಮನುಷ್ಯರೇ ಅದನ್ನು ಕಟ್ಟುತ್ತಾರೆ. ‘ತಜ್ಞರು ಹೇಳಿದರು ಅಂತ ತಲೆಯಾಡಿಸಬೇಡಿ. ಹೇಳುವವರು ಯಾರು, ಅದರಿಂದ ಯಾರಿಗೆ ಲಾಭ ಅಂತ ಕೇಳಿ’ ಎನ್ನುತ್ತೇನೆ. ಅಲ್ಲಿಗೇ ನಿಲ್ಲಿಸುವುದಿಲ್ಲ. ಕೇಳಿದ ಮೇಲೆ ಪರೀಕ್ಷೆ ಮಾಡಿ, ಪರೀಕ್ಷೆಯಲ್ಲಿ ನಿಂತದ್ದನ್ನು ಒಪ್ಪಿಕೊಳ್ಳಿ, ಅದು ನಿಮಗಾಗದವರ ಬಾಯಿಂದ ಬಂದಿದ್ದರೂ ಸರಿ ಎನ್ನುತ್ತೇನೆ. ಮನೆಯನ್ನೂ ಮನುಷ್ಯರೇ ಕಟ್ಟಿದ್ದು, ಹಾಗಂತ ಮನೆ ಸುಳ್ಳೇನ್ರಪ್ಪ, ಅದರೊಳಗೆ ಮಲಗುತ್ತೀರಲ್ಲ ಎಂದರೆ ಹುಡುಗರು ನಗುತ್ತಾರೆ.

ಆ ವರ್ಷ ಸರ್ಕಾರ ಬದಲಾಗಿತ್ತು. ಸೋತವರಿಗೆ ಗೆದ್ದವರು ಮಾಡಿದ್ದೆಲ್ಲ ಮೋಸ, ಗೆದ್ದವರಿಗೆ ಸೋತವರು ಕೇಳಿದ್ದೆಲ್ಲ ದ್ರೋಹ. ಟೀ ಅಂಗಡಿಯಲ್ಲಿ ಮಳೆ ಬರುತ್ತೋ ಇಲ್ಲವೋ ಎನ್ನುವುದಕ್ಕೂ ಜನ ಮೊದಲು ಪಕ್ಕದವನ ಪಕ್ಷ ನೋಡುತ್ತಿದ್ದರು. ಅಂಥ ಹೊತ್ತಿನಲ್ಲಿ ಕುರಿಗಳಿಗೆ, ಹತ್ತಿದರೆ ಹಿಂಡಿಗೆ ಹಿಂಡೇ ಸಾಯುವ ಹಿರೇಬೇನೆಯ ಲಸಿಕೆ ಹಾಕಲು ಪಶುವೈದ್ಯರು ಹಳ್ಳಿಗಳಿಗೆ ಹೊರಟರು. ಎಷ್ಟೋ ವರ್ಷಗಳಿಂದ ಇರುವ ಲಸಿಕೆಯೇ. ಈ ಸಲ ಮಾತ್ರ ಅದು ಹೊಸ ಸರ್ಕಾರದ ಸೂಜಿಯಾಯಿತು. ಚುಚ್ಚಿಸಿದರೆ ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕುತ್ತವೆ ಎಂಬ ಸುದ್ದಿ ಎದ್ದಿತು.

ಎಬ್ಬಿಸಿದವನು ನನ್ನ ಹಳೆಯ ವಿದ್ಯಾರ್ಥಿಯೇ, ಈಗ ಸೋತ ಪಕ್ಷದ ಯುವ ಮುಂದಾಳು. ಯಾವತ್ತೋ ತರಗತಿಯಲ್ಲಿ ನನ್ನ ಪಾಠವನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ. ‘ಯಾರಿಗೆ ಲಾಭ ಅಂತ ಕೇಳಿ’ ಎನ್ನುವಲ್ಲಿಗೆ ಕತ್ತರಿಸಿ, ಸೂಜಿಯ ಚಿತ್ರ ಅಂಟಿಸಿ ಊರೂರಿಗೆ ಹಂಚಿದ. ಅದು ಅಕ್ಕನ ಫೋನಿಗೂ ಹೋಯಿತು. ತಮ್ಮನ ದನಿಯೇ ಕೇಳಿದ ಮೇಲೆ ತಮ್ಮನನ್ನು ಇನ್ನೇನು ಕೇಳುವುದು? ಅಕ್ಕ ವೈದ್ಯರನ್ನು ದೊಡ್ಡಿಯ ಬಾಗಿಲಿನಿಂದಲೇ ವಾಪಸ್ ಕಳಿಸಿದಳು. ಅಕ್ಕಪಕ್ಕದವರೂ ಕಳಿಸಿದರು. ನನಗೆ ಇದ್ಯಾವುದೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಬೇನೆ ಬಂದ ಮೇಲೆ. ನಾನು ಹೋದಾಗ ಕುರಿಗಳ ಮೂಗು ಸೋರುತ್ತಿತ್ತು, ಬಾಯಿ ಹುಣ್ಣಾಗಿ ಮೇವು ಮುಟ್ಟುತ್ತಿರಲಿಲ್ಲ, ದೊಡ್ಡಿಯೆಲ್ಲ ಭೇದಿಯ ನಾತ. ಮರಿಗಳು ಮೊದಲು ಹೋದವು. ವೈದ್ಯರು ಮತ್ತೆ ಬಂದಿದ್ದರು. ಬೇನೆ ಹತ್ತಿದ ಕುರಿಗೆ ಲಸಿಕೆ ಹಾಕಿ ಪ್ರಯೋಜನವಿಲ್ಲ ಎಂದರು. ಕೈ ತೊಳೆಯುತ್ತ ನನ್ನ ಕಡೆ ನೋಡಿ, ‘ನಿಮ್ಮ ಮಾತು ನಾನೂ ಕೇಳ್ದೆ ಸರ್’ ಎಂದರು, ಅಷ್ಟೇ. ಆ ಮನುಷ್ಯ ಬಾಯಿ ತುಂಬ ಬೈದಿದ್ದರೆ ಚೆನ್ನಾಗಿತ್ತು.

ನೇರ ಹಿರಿಯೂರಿಗೆ ಬಂದು ಆ ಶಿಷ್ಯೋತ್ತಮನ ಕಚೇರಿಗೆ ನುಗ್ಗಿದೆ. ಅವನು ಎದ್ದು ಬಂದು ಕಾಲಿಗೆ ಬಿದ್ದ!

‘ಬರ್ರಿ ಸರ್, ಕುಂತ್ಕಳ್ರಿ. ಲೇ, ಸರ್‌ಗೆ ಟೀ ತಗಂಬಾರಲೇ.’

‘ನನ್ನ ಪಾಠ ಯಾಕೋ ಕತ್ತರಿಸಿದೆ?’

‘ಪೂರ್ತಿ ಹಾಕಿದ್ರೆ ಯಾರ್ ನೋಡ್ತಾರೆ ಸರ್? ನೀವೇ ಹೇಳಿಕೊಟ್ಟಿದ್ದಲ್ವಾ, ಅವರ ಸತ್ಯ ಅವರಿಗೆ, ನಮ್ಮ ಸತ್ಯ ನಮಗೆ.’

‘ನಾನು ಯಾವತ್ತು ಹಂಗೆ ಹೇಳಿದ್ನೋ? ನಮ್ಮಕ್ಕನ ಕುರಿ ಸಾಯ್ತಾ ಅವೆ ಕಣೋ!’

ಅವನ ಮುಖದಲ್ಲಿ ಒಂದಿಷ್ಟು ನಾಚಿಕೆ ಕಂಡೀತೇ ಎಂದು ನೋಡಿದೆ.

‘ಹೌದಾ ಸರ್? ಹಂಗಾದ್ರೆ ನಾಳೇನೇ ಹೋಗಾಣ, ವಿಡಿಯೋ ಮಾಡಾಣ. ಸರ್ಕಾರದ್ದೇ ತಪ್ಪೈತೆ ಇದ್ರಾಗೆ. ಪರಿಹಾರ ಕೊಡೋವರೆಗೂ ಬಿಡದು ಬ್ಯಾಡ.’

ಟೀ ಲೋಟವನ್ನು ಅವನ ಮೇಜಿನ ಮೇಲೆ ಕುಕ್ಕಿ ಎದ್ದು ಬಂದೆ. ಪಾಪ, ಹುಡುಗನಿಗೆ ಪಾಠ ಅರ್ಥವಾಗಿರಲಿಲ್ಲ ಎಂದುಕೊಳ್ಳಲು ನಾನು ತಯಾರಿಲ್ಲ. ಎಲ್ಲಿ ಕತ್ತರಿಸಬೇಕು ಎಂದು ತಿಳಿಯುವಷ್ಟು ಚೆನ್ನಾಗಿ ಅರ್ಥವಾಗಿತ್ತು. ಆದಿವಾಲದಲ್ಲಿರುವ ಅವನ ಅಪ್ಪನ ಕುರಿಗಳಿಗೆ ಮೊದಲ ದಿನವೇ ಲಸಿಕೆ ಹಾಕಿಸಿದ್ದರಂತೆ. ಅಲ್ಲಿ ಮಾತ್ರ ಸತ್ಯ ಒಂದೇ ಇತ್ತು!

ಮತ್ತೆ ಅಕ್ಕನ ಬಳಿ ಹೋದೆ. ಸತ್ತ ಕುರಿಗಳನ್ನು ಹೂಳಿ ಬಂದು ಕೂತಿದ್ದಳು, ಕೈಯ ಮಣ್ಣು ಇನ್ನೂ ತೊಳೆದಿರಲಿಲ್ಲ. ಎಲ್ಲ ಬಿಡಿಸಿ ಹೇಳಿದೆ. ಅದು ಕತ್ತರಿಸಿದ ಮಾತು, ಲಸಿಕೆ ಬೇಡ ಎಂದು ನಾನು ಎಲ್ಲೂ ಹೇಳಿಲ್ಲ ಎಂದೆ.

‘ಫೋನಿನಾಗಿದ್ದ ದನಿ ನಿಂದೇ ಅಲ್ವೇನಪ್ಪ?’

‘ನಂದೇ ಅಕ್ಕ. ಆದ್ರೆ...’

‘ಈಗ ಮಾತಾಡ್ತಿರೋದೂ ನಿಂದೇ. ನಾನು ಯಾವ್ದನ್ನ ನಂಬ್ಲಿ?’

ಪಕ್ಕದ ಮನೆಯವರು ತಮ್ಮ ಹಿಂಡಿನೊಂದಿಗೆ ಬೇಲಿಯಾಚೆ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರ ಕುರಿಗಳಿಗೆ ಬೇನೆ ಇನ್ನೂ ಹತ್ತಿರಲಿಲ್ಲ. ‘ಇವತ್ತೇ ಲಸಿಕೆ ಹಾಕಿಸ್ರಿ, ಡಾಕ್ಟ್ರು ಊರಾಗೇ ಅವ್ರೆ’ ಎಂದು ಕೂಗಿದೆ. ಅವರು ಅಕ್ಕನ ಮುಖ ನೋಡಿದರು. ಅಕ್ಕ ತಲೆಯೆತ್ತಲಿಲ್ಲ. ಅವರು ಹಿಂಡನ್ನು ಹೊಲದ ಕಡೆ ಹೊಡೆದುಕೊಂಡು ಹೊರಟುಹೋದರು.