ಮಗ್ಗದಿಂದ ಕತ್ತರಿಸಿದ ಸೀರೆ

ಕಂಪ್ಲಿಯ ಕೋಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನೇಕಾರ ಹೆಂಗಸು ಮಾತಾಡುವಾಗಲೂ ನೂಲು ಹೊಸೆಯುವಂತೆ ಬೆರಳಾಡಿಸುತ್ತಿದ್ದರು. ಯಾರು ಯಾವ ಕಷ್ಟ ಹೇಳಿಕೊಂಡರೂ "ಆಗ್ತೈತಿ ಬಿಡ್ರಿ" ಎನ್ನುತ್ತಿದ್ದರು.

ತುಂಗಭದ್ರೆಗೆ ಇನ್ನೂ ಅಣೆಕಟ್ಟು ಇರದ ಕಾಲ. ಒಂದು ಆಷಾಢದ ಸಂಜೆ ತಳವಾರ ತಮಟೆ ಬಾರಿಸುತ್ತ ಬಂದ. "ಹೊಳಿ ಏರಾಕತ್ತೈತಿ, ಎಲ್ಲಾರೂ ಜಲ್ದಿ ದಿಬ್ಬಕ್ಕ ನಡೀರಿ!" ಮಂಜಿನಂಥ ಮಳೆಯಲ್ಲಿ ಬೀದಿಯೇ ತೇಲಿ ಹೊರಟಂತೆ ಗಂಟುಮೂಟೆ, ದನಕರುಗಳು ಸಾಗಿದವು. ನಮ್ಮಕ್ಕ ಹಸಿ ಬಾಣಂತಿ. ಮನೆ ಸೋರಿ ಬಟ್ಟೆಯೆಲ್ಲ ನೆನೆದಿತ್ತು. "ಈ ಥಂಡಿಗೆ ಕೂಸು ಉಳಿಯೂದಿಲ್ಲ, ನಾ ಬರೂದಿಲ್ಲ" ಎಂದು ಅತ್ತಳು.

ಬಾಗಿಲಲ್ಲಿ ನಿಂತಿದ್ದ ಆ ಹೆಂಗಸು ಅದನ್ನು ಕೇಳಿ ತಮ್ಮ ಮನೆಗೆ ಹೋದರು. ತಿಂಗಳುಗಟ್ಟಲೆ ನೇಯುತ್ತಿದ್ದ ರೇಷ್ಮೆ ಸೀರೆಯನ್ನು ಅರ್ಧಕ್ಕೇ ಮಗ್ಗದಿಂದ ಕತ್ತರಿಸಿ ತಂದರು.

"ಅಯ್ಯೋ, ಅದು ಮದುವಿ ಸೀರಿ ಅಲ್ಲೇನ್ರಿ!" ಎಂದಳು ಅಮ್ಮ.

"ಮದುಮಗಳು ಬ್ಯಾರೆ ಉಡ್ತಾಳ. ಕೂಸಿಗೆ ಈಗ ಬೇಕ್ರಿ."

ಮಗುವನ್ನು ಆ ಕೆಂಪು ರೇಷ್ಮೆಯಲ್ಲಿ ಸುತ್ತಿ, ಮೇಲೆ ಗೋಣಿಚೀಲ ಹೊದ್ದು, ಎದೆಗವಚಿಕೊಂಡು ನಡೆದರು. ಅಕ್ಕ ಕಣ್ಣೊರೆಸಿಕೊಂಡು ಅವರ ಹಿಂದೆ ಹೊರಟಳು.

ಬೆಳಗ್ಗೆ ದಿಬ್ಬದಿಂದ ನೋಡಿದರೆ, ಬಾಳೆತೋಟಗಳಿದ್ದಲ್ಲಿ ಆಕಾಶವೇ ಇಳಿದು ಮಲಗಿದಂತೆ ನೀರು ಹರಡಿತ್ತು. ಮಗು ಬೆಚ್ಚಗೆ ನಿದ್ದೆಹೋಗಿತ್ತು.

ನೀರಿಳಿದ ಮೇಲೆ, ಅವರು ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಮಗ್ಗದ ಗುಂಡಿಯ ತುಂಬ ಕೆಸರು. ಅವರೊಬ್ಬರೇ ಇಳಿದು ಬೊಗಸೆಯಿಂದ ಎತ್ತಿ ಹಾಕುತ್ತಿದ್ದರು. ಮಡಿಯವಳೆಂದು ಅದುವರೆಗೆ ಅವರ ಮನೆಯೊಳಗೆ ಕಾಲಿಡದಿದ್ದ ಅಮ್ಮ ಹೊರಗೆ ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗಿ, ಅವರ ಪಕ್ಕದಲ್ಲೇ ಗುಂಡಿಗೆ ಇಳಿದಳು.