ಲಿಫ್ಟಿನ ರೆಮೇಯ್

ಮೂವತ್ತೆಂಟನೇ ವಯಸ್ಸಿನವರೆಗೂ ರೆಮೇಯ್ ಚರ್ಚಿನ ಗಂಟೆಗೋಪುರಕ್ಕಿಂತ ಎತ್ತರದ ಯಾವುದನ್ನೂ ಹತ್ತಿದವಳಲ್ಲ. ಹದಿಮೂರಕ್ಕೇ ಕಡಲಂಚಿನ ಉಪ್ಪುಮೀನಿನ ಕಾರ್ಖಾನೆ ಸೇರಿದ್ದಳು. ಬೆರಳುದ್ದದ ಮೀನುಗಳ ತಲೆ ಚಿವುಟುವುದು, ಪೀಪಾಯಿಯೊಳಗೆ ಒಂದು ಪದರ ಮೀನು, ಒಂದು ಪದರ ಉಪ್ಪು ಜೋಡಿಸುವುದು, ಇಷ್ಟೇ ಕೆಲಸ. ಎಷ್ಟು ಸೋಪು ತಿಕ್ಕಿದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ಭಾನುವಾರ ಅವಳು ಚರ್ಚಿಗೆ ಹೊರಟರೆ ಕಾಲಾ ರೊಮನೀ ಎಂಬ ಅವಳ ಊರಿನ ಬೆಕ್ಕುಗಳೆಲ್ಲ ದಿಬ್ಬಣದಂತೆ ಹಿಂದೆ ಹೊರಡುತ್ತಿದ್ದವು.

ಇಪ್ಪತ್ತೇಳಕ್ಕೆ ಅವಳಿಗೆ ದೋಣಿ ಕಟ್ಟುವ ಇಸಿದ್ರೆ ಎಂಬವನ ಜೊತೆ ಮದುವೆ ಗೊತ್ತಾಗಿತ್ತು. ಹೊಸ ದೋಣಿಯ ಮೇಲೆ ನಿನ್ನ ಹೆಸರನ್ನೇ ಬರೆಸುತ್ತೇನೆ ಎಂದು ಅವನು ಊರಿಗೆಲ್ಲ ಸಾರಿದ್ದ. ದೋಣಿ ನೀರಿಗಿಳಿದ ದಿನ ನೋಡಿದರೆ ಮೂತಿಯ ಮೇಲೆ ದೊಡ್ಡ ನೀಲಿ ಅಕ್ಷರದಲ್ಲಿ ಅವನ ತಾಯಿ ಉರ್ಸುಲಾಳ ಹೆಸರು. ಮರುದಿನ ರೆಮೇಯ್ ನಿಶ್ಚಿತಾರ್ಥದ ಉಂಗುರವನ್ನು ಉಪ್ಪುಮೀನಿನ ಜಾಡಿಯೊಳಗೆ ಹುಗಿದು ಕಳಿಸಿಕೊಟ್ಟಳು. ಅಲ್ಲಿಂದ ಹನ್ನೊಂದು ವರ್ಷ ಇಬ್ಬರಿಗೂ ಮಾತಿಲ್ಲ. ತೀರಾ ಅಗತ್ಯ ಬಿದ್ದರೆ ರೆಮೇಯಳ ಚಿಕ್ಕಮ್ಮ ಕಿಮೆತಾ ನಡುವೆ ನಿಂತು ಮಾತು ದಾಟಿಸುತ್ತಿದ್ದಳು, ದಾಟಿಸುವಾಗ ತನ್ನದೂ ಒಂದಿಷ್ಟು ಸೇರಿಸುತ್ತಿದ್ದಳು.

ಅಷ್ಟರಲ್ಲಿ ಊರು ಬದಲಾಗುತ್ತ ಬಂತು. ಸಾವಿರದೊಂಬೈನೂರ ಐವತ್ತೊಂದರಲ್ಲಿ ಬೆಲ್ಜಿಯಮ್ಮಿನ ಗಂಡಹೆಂಡಿರ ಕಾರು ತಿರುವಿನಲ್ಲಿ ಕೆಟ್ಟು ನಿಂತಿತು. ಬಿಡಿಭಾಗ ಬರುವವರೆಗೆ ಅವರು ಕಿಮೆತಾಳ ಮನೆಯಲ್ಲಿ ಹನ್ನೊಂದು ದಿನ ಉಳಿದರು. ದಿನವಿಡೀ ಮರಳಿನ ಮೇಲೆ ಮಲಗಿಯೇ ಇರುವುದನ್ನು ಕಂಡು ಕಿಮೆತಾ, ಪಾಪ ಯಾವ ಕಾಯಿಲೆಯೋ ಎಂದು ಕೋಳಿಸಾರು ಮಾಡಿ ಅಲ್ಲಿಗೇ ಕೊಂಡೊಯ್ದಳು. ಮರುವರ್ಷ ಆ ರೋಗಿಗಳು ಇನ್ನಾರು ರೋಗಿಗಳನ್ನು ಕರೆತಂದರು. ಹತ್ತು ವರ್ಷ ಕಳೆಯುವುದರೊಳಗೆ ಬೇಸಿಗೆ ಬಂತೆಂದರೆ ಊರವರೆಲ್ಲ ಮಲಗುವ ಕೋಣೆಗಳನ್ನು ಪರದೇಶದವರಿಗೆ ಬಾಡಿಗೆಗೆ ಬಿಟ್ಟುಕೊಟ್ಟು ತಾವು ಅಡುಗೆಮನೆಯಲ್ಲೋ ದೋಣಿಮನೆಯಲ್ಲೋ ಉರುಳಿಕೊಳ್ಳತೊಡಗಿದರು. ಕೊನೆಗೆ ಬಾರ್ಸಿಲೋನಾದ ಬೊಫರುಲ್ ಎಂಬ ಸಾಹುಕಾರ ಉಪ್ಪುಮೀನಿನ ಕಾರ್ಖಾನೆಯನ್ನು ಕೊಂಡು, ಕೆಡವಿ, ಆ ಜಾಗದಲ್ಲಿ ಹತ್ತು ಅಂತಸ್ತಿನ ಹೋಟೆಲು ಎಬ್ಬಿಸಿದ. ಊರವರು ಅದನ್ನು ಬುರುಜು ಎಂದರು.

ಕೆಲಸ ಕಳೆದುಕೊಂಡ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಲಿಫ್ಟಿಗೆ ಹೆದರದವರು ಯಾರಿದ್ದೀರಿ ಎಂದು ಬೊಫರುಲ್ ಕೇಳಿದ. ಲಿಫ್ಟೆಂದರೆ ಏನೆಂದೇ ಗೊತ್ತಿರದ ರೆಮೇಯ್ ಹೆದರಲು ಕಾರಣ ಕಾಣದೆ ಕೈ ಎತ್ತಿದಳು. ಹೀಗೆ ಅವಳಿಗೆ ಲಿಫ್ಟು ನಡೆಸುವ ಕೆಲಸವೂ ಹಿತ್ತಾಳೆ ಗುಂಡಿಯ ಕೆಂಪು ಕೋಟೂ ಬಂದವು. ಮೊದಲ ಸಲ ಹಿಡಿ ತಿರುಗಿಸಿದಾಗ ಹೊಟ್ಟೆ ಕೆಳಗೇ ಉಳಿದು ತಾನೊಬ್ಬಳೇ ಮೇಲೆ ಹೋದಂತಾಯಿತು. ಹತ್ತನೇ ಅಂತಸ್ತಿನಲ್ಲಿ ಬಾಗಿಲು ತೆರೆದರೆ ಎದುರಿಗೆ ಇಡೀ ಕಡಲು. ಒಬ್ಬಳೇ ನಿಂತು ನಕ್ಕಳು. ಕೆಳಗಿಳಿದು ಮತ್ತೆ ಹತ್ತಿದಳು.

ಹೋಟೆಲು ತೆರೆಯಲು ವಾರವಿತ್ತು. ಬೊಫರುಲ್ ಬಾರ್ಸಿಲೋನಾಕ್ಕೆ ಹೋಗಿದ್ದ ಭಾನುವಾರ, ಚರ್ಚು ಮುಗಿದ ಮೇಲೆ ರೆಮೇಯ್ ಚಿಕ್ಕಮ್ಮನೊಬ್ಬಳಿಗೇ ತೋರಿಸೋಣವೆಂದು ಕರೆತಂದಳು. ಕಿಮೆತಾ ದಾರಿಯಲ್ಲಿ ಬಾಯಿ ಬಿಟ್ಟಳು. ಅರ್ಧ ಗಂಟೆಯೊಳಗೆ ಸಾಲು ಮರಳಿನವರೆಗೆ ಬೆಳೆಯಿತು. ಪಾದ್ರಿಗಳೂ ಬಂದರು.

ಒಂದು ಸಲಕ್ಕೆ ಆರು ಜನ. ಏರುವಾಗ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿ ಕಿರುಚಿದರು, ಇಳಿಯುವಾಗ ಬಿದ್ದು ಬಿದ್ದು ನಕ್ಕರು. ಮೇಲೆ ತಲುಪಿದವರೆಲ್ಲ ಕಡಲನ್ನು ಬಿಟ್ಟು ತಮ್ಮ ತಮ್ಮ ಮನೆಯ ಮಾಡನ್ನು ಹುಡುಕಿದರು. ರೊಟ್ಟಿಯಂಗಡಿಯವನ ಹೆಂಡತಿಗಂತೂ, ಚರ್ಚಿನಲ್ಲೇ ಉಳಿದು ಜಪ ಮಾಡುತ್ತೇನೆ ಎಂದು ಆಣೆ ಮಾಡಿದ್ದ ಗಂಡ ಮೀನುಕಟ್ಟೆಯ ಹಿಂದೆ ಬಲೆಗಳ ಮೇಲೆ ಅಂಗಾತ ಮಲಗಿರುವುದು ಕಂಡಿತು. ಕಿಮೆತಾ ಮಾತ್ರ ಲಿಫ್ಟು ಬಿಟ್ಟು ಇಳಿಯಲೇ ಇಲ್ಲ. ಎಪ್ಪತ್ತನಾಲ್ಕು ವರ್ಷ ಮೆಟ್ಟಿಲು ಹತ್ತಿದ್ದೇನೆ, ಇವತ್ತು ಕೂತೇ ಇರುತ್ತೇನೆ ಎಂದು ಮೂಲೆಯ ಪೀಠ ಹಿಡಿದಳು.

ಐದನೇ ಸಲಕ್ಕೆ ಉರ್ಸುಲಾ ಬಂದಳು, ತೋಳು ಹಿಡಿದುಕೊಂಡು ಇಸಿದ್ರೆ. ಅವನು ಬಾಗಿಲಲ್ಲೇ ತಡೆದು ನಿಂತ. ಹಿಂದಿನಿಂದ ಪಾದ್ರಿಗಳು ಹೊಟ್ಟೆಯಿಂದಲೇ ಅವನನ್ನು ಒಳಕ್ಕೆ ತಳ್ಳಿದರು. ರೆಮೇಯ್ ಗೋಡೆ ನೋಡುತ್ತ ಹಿಡಿ ತಿರುಗಿಸಿದಳು. ಏಳನೇ ಅಂತಸ್ತಿಗೂ ಎಂಟನೆಯದಕ್ಕೂ ನಡುವೆ ಊರಿನ ಕರೆಂಟು ಹೋಯಿತು.

ಜಾಲರಿ ಬಾಗಿಲಿನ ಸಂದಿಯಿಂದ ಬಿಸಿಲು ಬರುತ್ತಿತ್ತು. ಐದೇ ಜನ, ಆದರೂ ಪಾದ್ರಿಗಳ ಹೊಟ್ಟೆಯಿಂದಾಗಿ ಅಲ್ಲಾಡಲು ಜಾಗವಿಲ್ಲ. ಪಾದ್ರಿಗಳು ಜಪ ಶುರುಮಾಡಿ, ಉಸಿರು ಸಾಲದೆ ನಿಲ್ಲಿಸಿದರು. ಇಸಿದ್ರೆ ಅಭ್ಯಾಸದಂತೆ ಕಿಮೆತಾಳ ಕಡೆ ತಿರುಗಿದ.

"ಕಿಮೆತಮ್ಮ, ಇದು ಯಾವಾಗ ಹೊರಡುತ್ತಂತೆ, ಕೇಳಿ."

"ನಾನೇನು ಪೋಸ್ಟಾಫೀಸಾ? ಮೂಗಿಗೆ ಮೂಗು ತಾಗ್ತಿದೆ, ನೀನೇ ಕೇಳೋ."

ಇಸಿದ್ರೆ ಜಾಲರಿಯತ್ತ ಮುಖ ತಿರುಗಿಸಿಕೊಂಡ. ಆಗ ಉರ್ಸುಲಾ ಬಿಕ್ಕಿ ಅಳತೊಡಗಿದಳು. ಹಗ್ಗ ಹರಿದು ಸತ್ತೇ ಹೋಗುತ್ತೇವೆ ಎಂದುಕೊಂಡಿದ್ದಳು. ಪಾದ್ರಿಗಳು ಪಕ್ಕದಲ್ಲೇ ಇದ್ದುದರಿಂದ ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟಳು.

"ದೋಣಿ ಮೇಲೆ ನನ್ನ ಹೆಸರು ಬರೆಸಿದ್ದು ಇವನಲ್ಲ ಕಣೇ ರೆಮೇಯ್. ನಾನು. ಬರೀದಿದ್ರೆ ಅನ್ನನೀರು ಮುಟ್ಟಲ್ಲ ಅಂತ ಮೂರು ದಿನ ಉಪವಾಸ ಕೂತಿದ್ದೆ."

"ಉಪವಾಸವಂತೆ," ಎಂದಳು ಕಿಮೆತಾ. "ಮೂರು ದಿನಾನೂ ಹಿತ್ತಲ ಬಾಗಿಲಿಂದ ಬಂದು ನಮ್ಮನೇಲಿ ಸುಟ್ಟ ಮೀನು ತಿಂದಿದ್ದಾಳೆ. ಯಾಕೆ ಅಂತ ಇವತ್ತು ಗೊತ್ತಾಯ್ತು. ಮೊದಲನೇ ದಿನ ಹದಿನಾಲ್ಕು."

"ಹನ್ನೆರಡು," ಎಂದಳು ಉರ್ಸುಲಾ.

ಮೊದಲು ನಕ್ಕವಳು ರೆಮೇಯ್. ತಡೆಯಲು ಕೋಟಿನ ತೋಳು ಕಚ್ಚಿಕೊಂಡಳು, ಆಗಲಿಲ್ಲ. ಹನ್ನೊಂದು ವರ್ಷದ ಬಿಗುಮಾನ ಮೂಗಿನಿಂದ ಪುಸಕ್ಕನೆ ಹೊರಬಂತು. ಆಮೇಲೆ ಐವರೂ ನಕ್ಕ ನಗುವಿಗೆ ಲಿಫ್ಟೇ ತೂಗಾಡಿತು. ಅದು ತೂಗಾಡಿತೆಂದು ಹೆದರಿ, ಹೆದರಿದೆವೆಂದು ಇನ್ನಷ್ಟು ನಕ್ಕರು.

"ನೀನ್ಯಾಕೆ ಹೇಳಲಿಲ್ಲ?" ಎಂದು ರೆಮೇಯ್ ನೇರ ಇಸಿದ್ರೆಯನ್ನೇ ಕೇಳಿದಳು.

"ಅವ್ವನ್ನ ಬಿಟ್ಟುಕೊಡೋದು ಹೇಗೆ? ಆಮೇಲೆ ನೀನು ಜಾಡಿ ಕಳಿಸಿದೆ. ಉಂಗುರ ಹುಡುಕೋಕೆ ಪೂರ್ತಿ ಜಾಡಿ ತಿನ್ನಬೇಕಾಯ್ತು. ವಾರವೆಲ್ಲ ನೀರಡಿಕೆ." ಆಮೇಲೆ ಅವನೇ ಕೇಳಿದ, "ದೋಣಿ ಹೆಸರು ಈಗ ಬದಲಿಸಲಾ?"

"ದೋಣಿ ಇರಲಿ ಬಿಡು. ನನ್ನನ್ನ ಮದುವೆ ಆಗ್ತೀಯೋ ಇಲ್ವೋ?"

ಆಗುತ್ತೇನೆ ಎಂದು ಅವನು ಹೇಳುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ಲಿಫ್ಟು ಜಗ್ಗನೆ ಮೇಲೆದ್ದಾಗ ಅವಳೂ ಅವನೂ ಪಾದ್ರಿಗಳ ಮೇಲೆ ಬಿದ್ದರು.

ಬೊಫರುಲ್ ಮರಳಿ ಬಂದು ಕೂಗಾಡಿದ. ಮುನ್ನೂರು ಜನರನ್ನು ಹೊತ್ತು ಯಂತ್ರ ಗಟ್ಟಿಯೆಂದು ತೋರಿಸಿದೆ, ಇನ್ನು ನಿಮ್ಮ ಅತಿಥಿಗಳು ನಿಶ್ಚಿಂತೆಯಿಂದ ಹತ್ತಬಹುದು ಎಂದಳು ರೆಮೇಯ್. ಇಪ್ಪತ್ತಾರು ವರ್ಷ ಅವಳೇ ಆ ಲಿಫ್ಟು ನಡೆಸಿದಳು. ಐದು ಭಾಷೆಗಳಲ್ಲಿ ಹತ್ತರವರೆಗೆ ಎಣಿಸುವುದನ್ನು ಕಲಿತಳು. ಹನ್ನೊಂದು ಯಾವ ಭಾಷೆಯಲ್ಲೂ ಬರುತ್ತಿರಲಿಲ್ಲ.

ಆದರೆ ಊರವರು ಈಗಲೂ ಹೇಳುವುದು ಅವಳ ಮದುವೆಯ ಸುದ್ದಿಯನ್ನೇ. ಬೇಸಿಗೆಯಲ್ಲಿ ಮದುವೆಯಾಗಲು ಯಾರಿಗೂ ಬಿಡುವಿರಲಿಲ್ಲವಾಗಿ ಅಕ್ಟೋಬರಿನಲ್ಲಿ, ಬುರುಜಿನ ತಾರಸಿಯ ಮೇಲೆ ಊಟವಾಯಿತು. ಎಲ್ಲರೂ ಕೈಕೈ ಹಿಡಿದು ವರ್ತುಲವಾಗಿ ಸಾರ್ದಾನಾ ಕುಣಿಯಲು ನಿಂತಾಗ ಬಡಗಣ ಗಾಳಿ ಎದ್ದು ಪಾದ್ರಿಗಳ ಟೋಪಿಯನ್ನು ಕಡಲಿಗೆ ಒಯ್ದಿತು. ಬೇಸಿಗೆಗೆ ಬಂದು ತನ್ನೂರಿಗೆ ಮರಳುವುದನ್ನೇ ಮರೆತಿದ್ದ ಡೆನ್ಮಾರ್ಕಿನ ಹೆಂಗಸೊಬ್ಬಳು ನಡುವೆ ನುಗ್ಗಿ ರೆಮೇಯಳ ಕೈ ಹಿಡಿದಳು. ಆಕೆಯ ಹೆಜ್ಜೆಯೆಲ್ಲ ತಪ್ಪು. ಮದುಮಗಳೂ ತಪ್ಪಿದಳು, ಅವಳನ್ನು ನೋಡಿ ಇಸಿದ್ರೆಯೂ ತಪ್ಪಿದ. ಸ್ವಲ್ಪ ಹೊತ್ತಿಗೆ ಊರಿಗೆ ಊರೇ ತಪ್ಪು ಹೆಜ್ಜೆ ಹಾಕುತ್ತ ಗಿರಗಿರನೆ ಸುತ್ತುತ್ತಿತ್ತು, ವಾದ್ಯದವರು ಸೋತು ಆ ತಪ್ಪಿಗೇ ತಾಳ ಹಾಕಿದರು.