ಚಿಗಪ್ಪನ ಪೌಡರ್ ಡಬ್ಬಿ

ನಾನು ಚಿಕ್ಕವಳಿದ್ದಾಗ ಸಿರುಗುಪ್ಪದ ನಮ್ಮ ಮನೆಯ ಮುಂದೆ ಉದ್ದ ಮೂತಿಯ ಒಂದು ಲಾರಿ ನಿಲ್ಲುತ್ತಿತ್ತು. ಮಿಲ್ಲಿನಿಂದ ಅಕ್ಕಿ ಹೇರಿಕೊಂಡು ಅದನ್ನು ಬಳ್ಳಾರಿಗೆ ಓಡಿಸುತ್ತಿದ್ದವನು ನನ್ನ ಚಿಗಪ್ಪ, ಅಂದರೆ ಅಪ್ಪನ ತಮ್ಮ. ಲಾರಿ ಓಡಿಸುವವನಾದರೂ ಮದುಮಗನ ಠೀವಿ ಅವನದು. ಮುಖಕ್ಕೆ ಪೌಡರ್ ಬಳಿಯದೆ ಹೊಸಿಲು ದಾಟುತ್ತಿರಲಿಲ್ಲ. ಅವನು ಮನೆಗೆ ಬಂದರೆ ಮಲ್ಲಿಗೆಯ ವಾಸನೆ, ಡೀಸೆಲ್ ವಾಸನೆ ಎರಡೂ ಕೂಡಿಯೇ ಒಳಗೆ ಬರುತ್ತಿದ್ದವು.

ಒಂದು ಸುಗ್ಗಿಯಲ್ಲಿ ಅವನು ಕುರುಗೋಡಿನ ದಾರಿಯಲ್ಲಿ ಲಾರಿ ನಿಲ್ಲಿಸಿ ಕಾಲುವೆಗೆ ಇಳಿದಾಗ ಹಾವು ಕಚ್ಚಿ ತೀರಿಕೊಂಡ. ಊರಿಲ್ಲ, ಮನೆಯಿಲ್ಲ, ಅಂಥ ಬಯಲಿನಲ್ಲಿ ಯಾಕೆ ನಿಲ್ಲಿಸಿದನೋ ಯಾರಿಗೂ ತಿಳಿಯಲಿಲ್ಲ. ಅಲ್ಲಿ ಏನೋ ಇದೆ, ಅದೇ ಕರೆಯಿತು ಎಂದು ಓಣಿಯವರು ಪಿಸುಗುಟ್ಟಿದರು. ಅವನ ಸಾಮಾನೆಲ್ಲ ಮನೆಗೆ ಬಂತು. ಅಜ್ಜಿ ಬೆಳಿಗ್ಗೆ ರೊಟ್ಟಿ ಕಟ್ಟಿಕೊಟ್ಟಿದ್ದ ಕೆಂಪಂಚಿನ ಬಟ್ಟೆಯೊಂದು ಬರಲಿಲ್ಲ. ಅದೆಲ್ಲಿ ಹೋಯಿತೆಂದು ಅವಳು ಕಂಡಕಂಡವರನ್ನು ಕೇಳುತ್ತಿದ್ದಳು.

ಅಪ್ಪ ಲಾರಿಯನ್ನು ಮನೆಗೆ ತಂದ ಮರುದಿನ ಅದರ ಕೆಳಗೆ ಅಂಗೈಯಗಲದ ಕರಿ ಕಲೆ ಬಿದ್ದಿತ್ತು. ಆಮೇಲೆ ದಿನಾ ಬೆಳಿಗ್ಗೆ ಅದೇ ಜಾಗದಲ್ಲಿ ಹಸಿ ಎಣ್ಣೆ. ಅಪ್ಪ ಅದರ ಮೇಲೆ ಮಣ್ಣೆಳೆಯಲು ಹೋದರೆ ಅಜ್ಜಿ ಬಿಡಲಿಲ್ಲ.

“ಮುಟ್ಟಬ್ಯಾಡ. ಅವ ಬಂದು ಹೋಗ್ಯಾನ. ಇದು ಅವನ ಗುರುತು.”

“ಯವ್ವಾ, ಎಂಜಿನ್ ಎಣ್ಣಿ ಸೋರಾಕತ್ತೈತಿ. ಹಿಂಗ ಬಿಟ್ರ ಎಂಜಿನ್ ಕೆಟ್ಟು ನಿಲ್ಲತೈತಿ. ನಾವು ಉಣ್ಣೋದು ಇದರಿಂದನ ಅಲ್ಲೇನು?” ಅಂದ ಅಪ್ಪ.

“ಅದು ನಿಂತ್ರ ಅವನೂ ಬರೋದು ಬಿಡ್ತಾನ,” ಅಂದಳು ಅಜ್ಜಿ.

ನಾನೂ ಅಜ್ಜಿಯ ಮಾತನ್ನೇ ನಂಬಿದ್ದೆ. ಸಾಲೆಗೆ ಹೋಗುವಾಗ ಆ ಕಲೆಯನ್ನು ಸುತ್ತು ಹಾಕಿಕೊಂಡೇ ಹೋಗುತ್ತಿದ್ದೆ.

ಅಪ್ಪ ಕೆಳಗಿನ ಬೋಲ್ಟುಗಳನ್ನೆಲ್ಲ ಬಿಗಿದು ನೋಡಿದ. ಸೋರುವುದು ನಿಲ್ಲಲಿಲ್ಲ. ಎಣ್ಣೆ ಎಲ್ಲಿಂದಲೋ ಹೊರಟು ಎಲ್ಲಿಯೋ ಬೀಳುತ್ತದೆ, ಜಿಡ್ಡು ಮೆತ್ತಿದ ಎಂಜಿನ್ನಿನಲ್ಲಿ ಅದರ ದಾರಿ ಕಾಣುವುದಿಲ್ಲ. ಒಂದು ಭಾನುವಾರ ಅವನು ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಣಗಿಸಿದ. “ಬಿಳಿ ಪುಡಿ ಏನರ ತಾ, ಹೊಡದು ನೋಡೂನು, ಎಣ್ಣಿ ದಾರಿ ಕಾಣತೈತಿ,” ಎಂದು ನನ್ನನ್ನು ಕಳಿಸಿದ. ಗೋಡೆಯ ಗೂಡಿನಲ್ಲಿ ಚಿಗಪ್ಪನ ಪೌಡರ್ ಡಬ್ಬಿ ಇಟ್ಟಲ್ಲೇ ಇತ್ತು. ನಾನು ಅದನ್ನೇ ತಂದುಕೊಟ್ಟೆ. ಅಪ್ಪ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ಆಮೇಲೆ ಎಂಜಿನ್ನಿಗೆಲ್ಲ ಪೌಡರ್ ಉದುರಿಸಿ, ನನ್ನನ್ನು ಬಂಪರಿನ ಮೇಲೆ ನಿಲ್ಲಿಸಿ, ಲಾರಿ ಚಾಲೂ ಮಾಡಿದ.

ಎಂಜಿನ್ ಕಾದ ಹಾಗೆ ಮಲ್ಲಿಗೆಯ ವಾಸನೆ ಎದ್ದಿತು. ಅದರ ಜೊತೆಗೆ ಡೀಸೆಲ್ ಹೊಗೆ. ಚಿಗಪ್ಪ ನನ್ನ ಬೆನ್ನ ಹಿಂದೆಯೇ ನಿಂತಿದ್ದಾನೆ ಅನ್ನಿಸಿತು, ತಿರುಗಿ ನೋಡಲು ಧೈರ್ಯವಾಗಲಿಲ್ಲ. ಅಜ್ಜಿ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದಳು. “ಬಂದ್ಯಾ ನನ್ನಪ್ಪಾ,” ಎಂದು ಸುತ್ತಲೂ ಹುಡುಕಿದಳು.

ಆಗಲೇ ಬಿಳಿ ಪುಡಿಯಲ್ಲಿ ಸಣ್ಣದೊಂದು ಕರಿ ಗೆರೆ ಮೂಡಿದ್ದು ನನಗೆ ಕಂಡಿತು. ಬೆರಳಿನಿಂದ ಅದರ ಜಾಡು ಹಿಡಿದು ಮೇಲೆ ಮೇಲೆ ತೋರಿಸುತ್ತ ಹೋದೆ. ಅದು ಎಂಜಿನ್ನಿನ ಮೇಲ್ಮುಚ್ಚಳದ ಅಂಚಿನಿಂದ ಇಳಿಯುತ್ತಿತ್ತು. ಅಪ್ಪ ಎಂಜಿನ್ ಆರಿಸಿ ಮುಚ್ಚಳ ಬಿಚ್ಚಿದ. ಸಂದಿನಿಂದ ಎಣ್ಣೆ ಸೋರದಂತೆ ಒಳಗೆ ಕೂರಿಸಿದ್ದ ಪ್ಯಾಕಿಂಗ್ ಒಂದು ಕಡೆ ಹರಿದಿತ್ತು. ಹರಿದ ಕಡೆ ಬಟ್ಟೆಯೊಂದನ್ನು ಹೊಸೆದು ಸಿಗಿಸಿದ್ದರು. ಎಣ್ಣೆ ಕುಡಿದು ಕರ್ರಗಾಗಿದ್ದರೂ ಅದರ ಒಂದು ತುದಿಯಲ್ಲಿ ಕೆಂಪಂಚು ಉಳಿದಿತ್ತು.

“ಇದಕ್ಕ ನಿಲ್ಲಿಸ್ಯಾನ ಯವ್ವಾ,” ಅಂದ ಅಪ್ಪ. “ಎಣ್ಣಿ ಕೈ ತೊಳ್ಯಾಕ ಕಾಲುವಿಗೆ ಇಳದಾನ.”

ಅಜ್ಜಿ ಆ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ಸೀರೆಗೆಲ್ಲ ಎಣ್ಣೆಯಾಯಿತು. ಕೊನೆಗೆ ಅವಳೇ, “ಹೊಸಾದು ತಂದು ಹಾಕು,” ಅಂದಳು.

ಅಪ್ಪ ಬಳ್ಳಾರಿಯಿಂದ ಹೊಸ ಪ್ಯಾಕಿಂಗ್ ತಂದು ಹಾಕಿದ. ಮರುದಿನ ಬೆಳಿಗ್ಗೆ ನೆಲ ಒಣಗಿತ್ತು. ಅಜ್ಜಿ ಬಗ್ಗಿ ನೋಡಿ, “ಇವತ್ತು ಬರಲಿಲ್ಲ,” ಅಂದು ಒಳಗೆ ಹೋದಳು.

ಮಕ್ಕಳೇ, ನಿಮ್ಮ ಕಾರಿನಲ್ಲಿ ಎಣ್ಣೆ ಕಡಿಮೆಯಾದರೆ ಕೆಂಪು ದೀಪ ಹತ್ತುತ್ತದೆ, ಗ್ಯಾರೇಜಿನವರು ಬಂದು ಒಯ್ಯುತ್ತಾರೆ. ಬೆಳಿಗ್ಗೆ ನಾನು ಸೊಂಟ ಹಿಡಿದುಕೊಂಡು ಅದರ ಕೆಳಗೆ ಬಗ್ಗಿ ನೋಡುವಾಗ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಅಲ್ಲಿ ನೆಲ ಒಣಗಿರುವುದನ್ನು ಕಂಡರೆ ನನಗೆ ಇವತ್ತಿಗೂ ಬೇಸರವಾಗುತ್ತದೆ.